ಡಾಕ್ಟರ್ ಆಗುವುದಿಲ್ಲ ಅಂದರೆ ರೋಗಿ ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ಡಾಕ್ಟರಿಗೂ ಒಂದು ನಂಬಿಕೆ ಇರುತ್ತದೆ. ಅದಕ್ಕೆ ಒಗ್ಗದ ಚಿಕಿತ್ಸೆಯನ್ನು ಕೊಡಲೇಬೇಕು ಅಂತ ಅವರನ್ನು ಒತ್ತಾಯಿಸಬಹುದಾ? ಈ ಪ್ರಶ್ನೆ ಆಗಾಗ ಏಳುತ್ತದೆ. ನಾನು ಉತ್ತರ ಕರ್ನಾಟಕದ ಹೆರಿಗೆ ವಾರ್ಡುಗಳಲ್ಲಿ ಮೂವತ್ತು ವರ್ಷ ಸ್ಟಾಫ್ ನರ್ಸ್ ಆಗಿ ದುಡಿದವಳು. ಈ ಮಾತು ಬಂದಾಗಲೆಲ್ಲ ನನಗೆ ಇಬ್ಬರು ಡಾಕ್ಟರುಗಳು ನೆನಪಾಗುತ್ತಾರೆ.

ಒಬ್ಬರು ಹಿರಿಯ ಮೇಡಂ. ದೇವರ ಮೇಲೆ ಬಹಳ ಭಕ್ತಿ. ಗರ್ಭಪಾತ ಮಾಡುತ್ತಿರಲಿಲ್ಲ. ಆದರೆ ಅಷ್ಟು ಹೇಳಿ ಸುಮ್ಮನಾಗುತ್ತಿರಲಿಲ್ಲ. "ನನ್ನ ಕೈಲೆ ಇದು ಆಗೂದಿಲ್ಲವಾ, ತಪ್ಪು ತಿಳ್ಕೋಬ್ಯಾಡ. ಮಾಡೋರ ಕಡೆ ನಾನ ಕಳಸ್ತೀನಿ" ಅನ್ನುತ್ತಿದ್ದರು. ಅಲ್ಲೇ ಫೋನ್ ಹಚ್ಚಿ, ಚೀಟಿ ಬರೆದು, ಸ್ಕ್ಯಾನಿಂಗ್ ರಿಪೋರ್ಟ್ ಜೋಡಿಸಿ ಕೊಡುತ್ತಿದ್ದರು. ಯಾಕೆ ಬೇಡ, ಯಾರ ಜೊತೆ ಬಂದೆ ಅಂತ ಒಂದು ಮಾತೂ ಕೇಳುತ್ತಿರಲಿಲ್ಲ. ಒಂದು ರಾತ್ರಿ ನಾಲ್ಕು ತಿಂಗಳ ಬಸುರಿಯೊಬ್ಬಳು ನೀರು ಒಡೆದು, ಚಳಿಜ್ವರದಲ್ಲಿ ನಡುಗುತ್ತಾ ಬಂದಳು. ಕೂಸು ಉಳಿಯುವ ಹಾಗಿರಲಿಲ್ಲ, ಆದರೆ ಎದೆಬಡಿತ ಇನ್ನೂ ಇತ್ತು. ಮೇಡಂ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ, "ಕಾಯೋದು ಬ್ಯಾಡ, ತಯಾರಿ ಮಾಡ್ರಿ" ಅಂದರು. ತಾವೇ ನಿಂತು ಗರ್ಭ ತೆಗೆದರು. ಆ ಹೆಣ್ಣುಮಗಳು ಬದುಕಿದಳು.

ಇನ್ನೊಬ್ಬರು ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದರು. ಆ ಊರಿಗೆ ಅವರೊಬ್ಬರೇ ಹೆರಿಗೆ ಡಾಕ್ಟರು. ಮದುವೆಯಾಗದ ಹುಡುಗಿಯೊಬ್ಬಳು ಬಂದಳು. ಇಪ್ಪತ್ತು ದಾಟಿದವಳು. "ನಿಮ್ಮ ಅಪ್ಪನ್ನ ಕರ್ಕೊಂಡು ಬಾ, ಸಹಿ ಬೇಕು" ಅಂದರು. ಇಡೀ ಓಪಿಡಿಗೆ ಕೇಳುವ ಹಾಗೆ ಅಂದರು. ಹೊರಗೆ ಬಂದು ಅವಳು ನನ್ನ ಕೈ ಹಿಡಿದು, "ಸಿಸ್ಟರ್, ಈಗ ನಾ ಎಲ್ಲಿಗೆ ಹೋಗ್ಲಿ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತು ದಿನದ ಮೇಲೆ ಯಾವುದೋ ಗುಳಿಗೆ ನುಂಗಿ, ರಕ್ತ ಹೋಗಿ, ಬಿಳಿಚಿಕೊಂಡು ಅದೇ ಆಸ್ಪತ್ರೆಗೆ ಬಂದಳು. ಮೂರು ಬಾಟಲಿ ರಕ್ತ ಏರಿಸಿದೆವು. ಅವತ್ತು ನಾನೇ ಒಂದು ಫೋನ್ ಹಚ್ಚಿ ಬೇರೆ ಊರಿಗೆ ಕಳಿಸಬಹುದಿತ್ತು ಅನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ.

ಮೊದಲನೇ ಮೇಡಂ ಹೇಳಿದ 'ಇಲ್ಲ'ಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಎರಡನೆಯವರದು ಮನಸ್ಸಾಕ್ಷಿ ಅಲ್ಲ. ಅದು ಆ ಹುಡುಗಿಗೆ ಕೊಟ್ಟ ಶಿಕ್ಷೆ.

ಇದು ಬರೀ ನಮ್ಮ ಊರುಗಳ ಕಥೆಯೂ ಅಲ್ಲ. ನಮ್ಮ ಬೆಳಗಾವಿಯ ಮನೆಮಗಳು ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೆಯಲ್ಲಿ ತೀರಿಹೋದದ್ದನ್ನು ನಾವು ಮರೆಯಬಾರದು. ಆಕೆ ದಂತವೈದ್ಯೆ. ವಯಸ್ಸು 31. 2012ರ ಅಕ್ಟೋಬರಿನಲ್ಲಿ, 17 ವಾರದ ಬಸುರಿ ಇದ್ದಾಗ, ಬೆನ್ನುನೋವು ಅಂತ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾಯಿತು. ತೆಗೆದುಬಿಡಿ ಅಂತ ಆಕೆ ಕೇಳಿಕೊಂಡರು. ಕೂಸಿನ ಎದೆಬಡಿತ ಇದೆ, ಆಗುವುದಿಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಅನ್ನುವ ಮಾತೂ ಬಂತು. ಹಾಗೆ ಹೇಳಿದ್ದು ಹೌದು ಅಂತ ಅಲ್ಲಿನ ಸೂಲಗಿತ್ತಿ ನರ್ಸೇ ಮರುವರ್ಷದ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಏರಿತ್ತು. ಅಕ್ಟೋಬರ್ 28ಕ್ಕೆ ಸವಿತಾ ಇಲ್ಲವಾದರು.

ಒಂದು ಮಾತು ಸರಿಯಾಗಿ ಹೇಳಬೇಕು. ಅಲ್ಲಿ ತಡೆದದ್ದು ಒಬ್ಬ ಡಾಕ್ಟರಿನ ನಂಬಿಕೆಯಲ್ಲ, ದೇಶದ ಕಾನೂನು. ಗರ್ಭದ ಕೂಸಿಗೂ ತಾಯಿಯಷ್ಟೇ ಬದುಕುವ ಹಕ್ಕಿದೆ ಅಂತ 1983ರಲ್ಲಿ ಅವರು ಸಂವಿಧಾನಕ್ಕೇ ತಿದ್ದುಪಡಿ ಸೇರಿಸಿದ್ದರು. ಸೋಂಕಿನ ಲಕ್ಷಣ ಗಮನಿಸುವುದರಲ್ಲೂ ಆಸ್ಪತ್ರೆ ತಪ್ಪಿತ್ತು. ಆಕೆಯನ್ನು ಉಳಿಸಬಹುದಾಗಿದ್ದ 13 ಅವಕಾಶ ಕೈತಪ್ಪಿದವು ಅಂತ ಅಲ್ಲಿನ ತನಿಖೆಯ ವರದಿಯೇ ಹೇಳಿತು. ಆ ಜನ ಸವಿತಾಳ ಫೋಟೊ ಹಿಡಿದು ಬೀದಿಗೆ ಬಂದರು. 2018ರ ಮೇ 25ರ ಜನಮತಗಣನೆಯಲ್ಲಿ ನೂರಕ್ಕೆ 66 ಮಂದಿ ಆ ತಿದ್ದುಪಡಿ ಬೇಡ ಅಂದರು. ಆಮೇಲೆ ಬಂದ ಕಾನೂನು ನನಗೆ ತುಂಬಾ ಹಿಡಿಸಿತು. ಮನಸ್ಸು ಒಪ್ಪದ ಡಾಕ್ಟರ್, ನರ್ಸ್ ಗರ್ಭಪಾತ ಮಾಡಬೇಕಾಗಿಲ್ಲ. ಆದರೆ ಆ ಹೆಂಗಸನ್ನು ಬೇಗ ಬೇರೆಯವರ ಕೈಗೆ ಒಪ್ಪಿಸಬೇಕು. ಜೀವಕ್ಕೆ ಕುತ್ತು ಬಂದ ತುರ್ತಿನಲ್ಲಿ ಯಾವ ವಿನಾಯಿತಿಯೂ ಇಲ್ಲ. ನಮ್ಮ ಮೇಡಂ ಯಾವ ಕಾನೂನೂ ಹೇಳದೆ ಇದನ್ನೇ ಮಾಡುತ್ತಿದ್ದರು, ಅಲ್ವಾ?

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಇದೆ. ವೈದ್ಯರ ನಡವಳಿಕೆಗೆ 2002ರಲ್ಲಿ ಮಾಡಿದ ನಿಯಮಗಳಲ್ಲಿ ಸ್ಪಷ್ಟವಾಗಿದೆ. ವೈದ್ಯಕೀಯ ಕಾರಣ ಇದ್ದಾಗ ಗರ್ಭಪಾತ, ಸಂತಾನಹರಣ ಚಿಕಿತ್ಸೆ, ಗರ್ಭನಿರೋಧಕಗಳನ್ನು ಬರೀ ಧರ್ಮದ ನೆಪ ಹೇಳಿ ನಿರಾಕರಿಸುವಂತಿಲ್ಲ. ಆ ಕೆಲಸ ತನಗೆ ಬಾರದು ಅನ್ನಿಸಿದರೆ ಬೇರೆ ಮಾತು. ಯಾವ ರೋಗಿಯನ್ನು ನೋಡಬೇಕು ಅನ್ನುವ ಆಯ್ಕೆ ಡಾಕ್ಟರಿಗೆ ಇದೆ, ಆದರೆ ತುರ್ತಿದ್ದಾಗ ಓಗೊಡಬೇಕು ಅಂತಲೂ ಅದರಲ್ಲಿದೆ. ಹೆಚ್‌ಐವಿ ಇರುವವರಿಗೆ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅಂತ 2017ರ ಕಾಯ್ದೆ ಬೇರೆ ಇದೆ. ಅಪ್ಪನ ಸಹಿ, ಗಂಡನ ಸಹಿಯ ಮಾತಂತೂ ಕಾನೂನಿನಲ್ಲೇ ಇಲ್ಲ. 1971ರ ಗರ್ಭಪಾತ ಕಾಯ್ದೆಯಲ್ಲಿ, 18 ತುಂಬಿದ, ಮನಸ್ಸು ಸ್ವಸ್ಥವಾಗಿರುವ ಹೆಣ್ಣಿನ ಒಪ್ಪಿಗೆ ಸಾಕು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಮದುವೆ ಆಗಿಲ್ಲ ಅಂತ ಭೇದ ಮಾಡಬಾರದು ಅಂದಿತು. ಕಾನೂನಿನಲ್ಲಿ ಇಲ್ಲದ ಷರತ್ತುಗಳನ್ನು ಡಾಕ್ಟರುಗಳು ಹಾಕುತ್ತಿರುವುದನ್ನೂ ಆ ತೀರ್ಪು ಎತ್ತಿ ಹೇಳಿತು.

ಇಷ್ಟೆಲ್ಲ ಇದ್ದೂ ಓಪಿಡಿ ಬಾಗಿಲಲ್ಲಿ ನಿಂತ ಹುಡುಗಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಿ ಒಬ್ಬರು ಇಲ್ಲ ಅಂದರೆ ಮುಂದಿನ ಬೀದಿಯಲ್ಲಿ ಇನ್ನೊಬ್ಬರು ಸಿಗುತ್ತಾರೆ. ಊರಿಗೊಬ್ಬರೇ ಡಾಕ್ಟರ್ ಇರುವ ಕಡೆ 'ಇಲ್ಲ' ಅನ್ನುವುದರ ಭಾರವೇ ಬೇರೆ. ಬಸ್ ಚಾರ್ಜು, ಒಂದು ದಿನದ ಕೂಲಿ, ಮನೆಯಲ್ಲಿ ಹೇಳುವ ಸುಳ್ಳು, ಎಲ್ಲ ಅವಳ ತಲೆಗೇ ಬರುತ್ತದೆ. ವಾರ ಕಳೆದಷ್ಟೂ ಅಪಾಯ ಜಾಸ್ತಿ.

ಹಾಗಾಗಿ ಆರೋಗ್ಯ ಇಲಾಖೆಗೆ ನನ್ನದೊಂದು ಕೋರಿಕೆ. ಸೇವೆ ಕೊಡಲು ಮನಸ್ಸಿಲ್ಲದ ಡಾಕ್ಟರ್ ಮೊದಲೇ ಲಿಖಿತವಾಗಿ ತಿಳಿಸಲಿ. ಅಂಥವರೊಬ್ಬರನ್ನೇ ಒಂದು ಊರಿಗೆ ಹಾಕಬೇಡಿ. ಇಲ್ಲ ಅಂದವರು, ಆ ಹೆಣ್ಣು ಎಲ್ಲಿಗೆ, ಯಾರ ಹತ್ತಿರ ಹೋಗಬೇಕು ಅಂತ ಬರೆದ ಚೀಟಿಯನ್ನು ಕೈಗೆ ಕೊಟ್ಟೇ ಕಳಿಸಲಿ. ಚೀಟಿ ಮಾಡಿಸುವ ಕೌಂಟರಿನ ಮುಂದೆ, ಓದಲು ಬರುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ಬೋರ್ಡ್ ಹಾಕಿಸಿ: 18 ತುಂಬಿದ ಹೆಣ್ಣಿಗೆ ಅವಳ ಸಹಿಯೊಂದೇ ಸಾಕು.

ಇಂತಿ,
ನಿವೃತ್ತ ಸ್ಟಾಫ್ ನರ್ಸ್, ಧಾರವಾಡ