ಅಟ್ಟದ ಮೇಲಿನ ಬಾಟಲಿ ಎಲ್ಲಿಗೆ ಕೊಡಬೇಕು?

ಮಾನ್ಯ ಸಂಪಾದಕರೇ,

ಮಳೆ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ಚೊಕ್ಕ ಮಾಡುವಾಗ ಅಟ್ಟದ ಮೇಲೆ ಕೀಟನಾಶಕ ಔಷಧಿಯ ಮೂರು ಬಾಟಲಿ ಸಿಕ್ಕವು. ಒಂದು ಗೆದ್ದಲಿಗೆ ತಂದದ್ದು, ಇನ್ನೊಂದು ಬದನೆಯ ಹುಳಕ್ಕೆ. ಮೂರನೆಯದರ ಚೀಟಿಯನ್ನು ಜಿರಲೆ ತಿಂದಿತ್ತು. ಹಿತ್ತಲಿನ ಹತ್ತು ಗಿಡಕ್ಕೆ ಒಂದೆರಡು ಮುಚ್ಚಳ ಸಾಕು, ಆದರೆ ನಾವು ತರುವುದು ಕಾಲು ಲೀಟರು, ಅರ್ಧ ಲೀಟರು. ಉಳಿದದ್ದು ಅಟ್ಟ ಸೇರುತ್ತದೆ, ಒಂದು ದಿನ ಅಲ್ಲಿಂದ ಹಳ್ಳ ಸೇರುತ್ತದೆ.

ನಾನೂ ತಪ್ಪು ಮಾಡಿದವಳೇ. ಔಷಧಿ ಹೊಡೆದ ಪಂಪನ್ನು ಎಷ್ಟೋ ವರ್ಷ ಬಾವಿಕಟ್ಟೆಯ ಬಳಿಯೇ ತೊಳೆದಿದ್ದೇನೆ. ನಮ್ಮದು ಚೀರೆಕಲ್ಲಿನ ನೆಲ, ಸುರಿದ ನೀರನ್ನೆಲ್ಲ ಕುಡಿಯುತ್ತದೆ. ಆಷಾಢದಲ್ಲಿ ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುತ್ತದೆ. ಮೇಲೆ ಚೆಲ್ಲಿದ್ದು ಅಲ್ಲಿಗೆ ಇಳಿಯಲು ಎಷ್ಟು ಹೊತ್ತು ಬೇಕು?

ಬಾವಿಯಷ್ಟೇ ಅಲ್ಲ, ಹಳ್ಳ ಸೇರಿದ್ದು ಹೊಳೆಗೂ ಹೋಗುತ್ತದೆ. ಶಿರಸಿಯ ಶಂಕರಹೊಂಡದಿಂದ ತದಡಿಯವರೆಗೆ ಅಘನಾಶಿನಿ ಹೊಳೆಗೆ ಅಣೆಕಟ್ಟಿಲ್ಲ. 2024ರಲ್ಲಿ ಅದು ಕಡಲು ಸೇರುವ ಅಳಿವೆಯು ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿದಾಗ ಜಿಲ್ಲೆಗೆ ಜಿಲ್ಲೆಯೇ ಸಂತೋಷಪಟ್ಟಿತು. ಅದೇ ಅಳಿವೆಯಲ್ಲಿ ಇಳಿತದ ಹೊತ್ತು ನೋಡಿಕೊಂಡು ಹೆಂಗಸರು ಬಳಚು ಹೆಕ್ಕುತ್ತಾರೆ. ಬಳಚು ನೀರನ್ನು ಸೋಸಿಯೇ ಬದುಕುವ ಚಿಪ್ಪಿನ ಜೀವ, ನೀರಿನಲ್ಲಿದ್ದದ್ದು ಅದರ ಮೈಯೊಳಗೂ ಬರುತ್ತದೆ. ತರಕಾರಿಗೆ ಹೊಡೆಯುವ ಸೈಪರ್‌ಮೆಥ್ರಿನ್ ತೀರ ಅಲ್ಪ ಪ್ರಮಾಣದಲ್ಲೂ ಮೀನು, ಸೀಗಡಿಗಳನ್ನು ಕೊಲ್ಲುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೂ ಮೀನಿಗೆ ಒಳ್ಳೆಯದಲ್ಲ. ಎಂಡೋಸಲ್ಫಾನ್ ಕೀಟನಾಶಕದ ನೋವು ಉಂಡ ಮನೆಗಳು ಇಂದಿಗೂ ಇರುವ ಜಿಲ್ಲೆ ನಮ್ಮದು.

ಈಗ ನಾನು ಬೆಂಡೆಗೆ ಹೇನು ಕಂಡರೆ ಮೊದಲು ನೀರು ರಭಸವಾಗಿ ಹಾಯಿಸಿ ಉದುರಿಸುತ್ತೇನೆ. ಬಗ್ಗದಿದ್ದರೆ ಲೀಟರಿಗೆ 5 ಮಿಲಿಯಷ್ಟು ಬೇವಿನೆಣ್ಣೆ, ಚೂರು ಸೋಪು. ಔಷಧಿಯೇ ಬೇಕಾದರೆ ಅವತ್ತಿಗೆ ಸಾಕಾಗುವಷ್ಟೇ ಕಲಸುತ್ತೇನೆ, ಮೋಡ ಕವಿದಿದ್ದರೆ ಹೊಡೆಯುವುದಿಲ್ಲ. ಖಾಲಿ ಬಾಟಲಿಯನ್ನು ಮೂರು ಸಲ ಕುಲುಕಿ ತೊಳೆದ ನೀರು ಪಂಪಿಗೇ ಹೋಗುತ್ತದೆ, ಪಂಪು ತೊಳೆದ ನೀರೂ ಬಾವಿಯಿಂದ ದೂರದ ಅದೇ ಗಿಡಗಳಿಗೆ. ಬಚ್ಚಲಿಗೂ ಇಲ್ಲ, ಗಟಾರಕ್ಕೂ ಇಲ್ಲ. ಆಮೇಲೆ ಬಾಟಲಿಗೆ ತೂತು ಹೊಡೆದು ಇಡುತ್ತೇನೆ. ಚೆಂದ ಇದೆಯೆಂದು ಅದರಲ್ಲಿ ಸೀಮೆಎಣ್ಣೆ ತುಂಬುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ಒಲೆಗೆ ಹಾಕುವುದಂತೂ ಬೇಡವೇ ಬೇಡ, ಆ ಹೊಗೆ ಮನೆಯೊಳಗೇ ತುಂಬುತ್ತದೆ.

ಇಷ್ಟು ನಮ್ಮ ಕೈಲಾಗುತ್ತದೆ. ಮುಂದಿನದು ಆಗುತ್ತಿಲ್ಲ. ಕೀಟನಾಶಕದ ಡಬ್ಬಿಗಳನ್ನು ಮನೆಯ ಅಪಾಯಕಾರಿ ಕಸವೆಂದು ಪ್ರತ್ಯೇಕವಾಗಿ ಇಡಬೇಕು ಎಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಪ್ರತ್ಯೇಕ ಇಟ್ಟೆ, ಯಾರಿಗೆ ಕೊಡಲಿ? ಬಾಟಲಿ ತಂದ ಅಂಗಡಿಯಲ್ಲಿ ಕೇಳಿದರೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. ಕಸದ ಗಾಡಿಯ ಹುಡುಗ ಹಸಿ ಕಸ, ಒಣ ಕಸ ಎರಡೇ ತನಗೆ ಗೊತ್ತೆಂದ. ಅವನ ಬರಿಗೈಗೆ ಅದನ್ನು ಕೊಡಲು ನನಗೂ ಮನಸ್ಸಾಗಲಿಲ್ಲ.

ಪಂಚಾಯ್ತಿ, ಪುರಸಭೆ, ನಗರಸಭೆಗಳು ಮಳೆಗಾಲಕ್ಕೆ ಮೊದಲು ಒಂದು ದಿನ ಗೊತ್ತುಮಾಡಿ, ಹಳೆಯ ಔಷಧಿ ಮತ್ತು ಖಾಲಿ ಬಾಟಲಿಗಳನ್ನು ಇಂಥಲ್ಲಿಗೆ ತನ್ನಿ ಎಂದು ಸಾರಲಿ. ಜಾಗ ಹೇಳಿದರೆ ನನ್ನ ಮೂರು ಬಾಟಲಿಗಳನ್ನು ನಾನೇ ತಂದು ಒಪ್ಪಿಸುತ್ತೇನೆ.

ಇಂತಿ,
ಓದುಗಿ, ಕುಮಟಾ ತಾಲ್ಲೂಕು