ಮಗಳಿಗೊಂದು ಪತ್ರ: ಹೊಗಳಿಕೆಯ ಹೊನ್ನಶೂಲ

ಮುದ್ದು ಮಗಳೇ,

ನಿನ್ನೆ ಸಂಜೆ ಫಿಗರ್ ಸ್ಕೇಟಿಂಗ್ ಅಭ್ಯಾಸ ಮುಗಿಸಿ ರಿಂಕಿನಿಂದ ಮನೆಗೆ ಬರುವಾಗ ಕಾರಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. "ಅಮ್ಮಾ, ನಾನು ಬಿದ್ದಿದ್ದನ್ನೂ ವಿಡಿಯೊ ಮಾಡಿಕೊಂಡೆಯಾ?" ಎಂದು ಕೇಳಿದೆ. ನಾನು ಬೇರೇನೋ ಮಾತು ತೆಗೆದೆ. ರಾತ್ರಿಯಿಡೀ ಆ ಪ್ರಶ್ನೆ ನನ್ನನ್ನು ಮಲಗಲು ಬಿಡಲಿಲ್ಲ. ಎದುರು ಕೂತು ಹೇಳಹೊರಟರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ಮಾಡಿಕೊಂಡಿದ್ದೆ. ಟ್ರಿಪಲ್ ಲುಟ್ಜ್‌ಗೆಂದು, ಗಾಳಿಯಲ್ಲಿ ಮೂರು ಸುತ್ತು ಸುತ್ತುವ ಆ ಜಂಪ್‌ಗೆಂದು, ನೀನು 7 ಸಲ ಹಾರಿದೆ, ಏಳು ಸಲವೂ ಬಿದ್ದೆ. ಪ್ರತಿ ಸಲ ಎದ್ದಾಗಲೂ ನಿನ್ನ ಕಣ್ಣು ಹೋಗಿದ್ದು ಕೋಚ್ ಕಡೆಗಲ್ಲ, ನನ್ನ ಕೈಯಲ್ಲಿದ್ದ ಮೊಬೈಲಿನ ಕಡೆಗೆ. ಅದನ್ನು ಕಂಡೂ ನಾನು ಮೊಬೈಲನ್ನು ಕೆಳಗಿಡಲಿಲ್ಲ.

ಇದು ಶುರುವಾದದ್ದು ನನ್ನಿಂದಲೇ. ನಿನಗೆ 11 ವರ್ಷವಿದ್ದಾಗ ಅದೇ ಲುಟ್ಜ್ ಮೊದಲ ಬಾರಿ ಒಲಿದ ದಿನ ನೆನಪಿದೆಯಲ್ಲ? ಎಡಗಾಲಿನ ಹೊರ ಅಂಚಿನ ಮೇಲೆ ಹಿಮ್ಮುಖವಾಗಿ ಉದ್ದಕ್ಕೆ ಜಾರಿ ಬಂದೆ, ಬಲಗಾಲಿನ ಬ್ಲೇಡಿನ ತುದಿಯ ಹಲ್ಲನ್ನು ಮಂಜುಗಡ್ಡೆಗೆ ಊರಿದೆ, ಮೂರು ಸುತ್ತು ಸುತ್ತಿ ಬಲಗಾಲಿನ ಮೇಲೆ ಹಗುರವಾಗಿ ಇಳಿದೆ. ಇಳಿದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಆ ವಿಡಿಯೊವನ್ನು ನಾನು ಊರಿಗೆಲ್ಲ ಹಂಚಿದೆ. ಎರಡೇ ದಿನದಲ್ಲಿ ಅಪರಿಚಿತರು ನಿನ್ನನ್ನು ಮುಂದಿನ ಒಲಿಂಪಿಕ್ ಚಾಂಪಿಯನ್ ಎಂದು ಕರೆಯತೊಡಗಿದರು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಬರೆದರು. ಒಂದೊಂದನ್ನೂ ನಾನು ನಿನಗೆ ಓದಿ ಹೇಳಿದೆ, ಎದೆಯುಬ್ಬಿಸಿಕೊಂಡು. ಹೊಗಳಿ ಹೊನ್ನಶೂಲಕ್ಕೇರಿಸುವುದು ಎನ್ನುತ್ತಾರೆ. ನಾನು ನನ್ನ ಮಗುವನ್ನೇ ಏರಿಸುತ್ತಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ. ನಿನ್ನ ಬಾಲ್ಯದ ಒಂದು ಒಳ್ಳೆಯ ಮಧ್ಯಾಹ್ನವನ್ನು ನಾನು ಲೋಕಕ್ಕೆ ಬರೆದುಕೊಟ್ಟ ಸಾಲಪತ್ರವಾಗಿಸಿದೆ. ಅಂದಿನಿಂದ ನೀನು ಬಡ್ಡಿ ಕಟ್ಟುತ್ತಿದ್ದೀಯ.

ಈಗ ಆ ಲುಟ್ಜ್ ಎಲ್ಲಿ ಹೋಯಿತು ಎಂದು ನೀನು ಅಳುತ್ತೀಯ. ಎಲ್ಲಿಗೂ ಹೋಗಿಲ್ಲ ಕಂದಾ. ಒಂದು ವರ್ಷದಲ್ಲಿ ನೀನು 8 ಸೆಂಟಿಮೀಟರ್ ಎತ್ತರವಾಗಿದ್ದೀಯ, ಎರಡು ಸಲ ಬೂಟಿನ ಅಳತೆ ಬದಲಾಗಿದೆ. ಗಾಳಿಯಲ್ಲಿ ನಿನಗೆ ಸಿಗುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಮೂರು ಸುತ್ತು ಮುಗಿಯಬೇಕು. ಚಿಕ್ಕ, ಸಪೂರ ಮೈ ಬೇಗ ತಿರುಗುತ್ತದೆ. ಸೊಂಟ, ಭುಜ ಅಗಲವಾದಂತೆ ಅದೇ ವೇಗಕ್ಕೆ ಹೆಚ್ಚು ಬಲ ಬೇಕು, ಮೈಯನ್ನು ಎಳೆದುಕೊಳ್ಳುವ ಗಳಿಗೆಯೂ ಬದಲಾಗಬೇಕು. ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಹಳೆಯ ಮೈಯ ಲೆಕ್ಕದಲ್ಲಿ ಹೊಸ ಮೈಯನ್ನು ತಿರುಗಿಸಲು ಹೋಗಿ ಸುತ್ತಿನ ಕಾಲುಭಾಗ ಕಡಿಮೆ ಬೀಳುತ್ತಿದೆ, ಅಷ್ಟೆ. ಈ ಕ್ರೀಡೆಯಲ್ಲಿ ಹುಡುಗಿಯರಾಗಿ ಬೆಳೆದ ಬಹುತೇಕ ಎಲ್ಲರೂ ಇದನ್ನು ದಾಟಿಯೇ ಬಂದಿದ್ದಾರೆ. ಮಾತೆತ್ತಿದರೆ "ಹೊಸ ತಾರೆ" ಎನ್ನುವವರು ಈ ಮಾತನ್ನು ಮಾತ್ರ ಮಕ್ಕಳಿಗೆ ಮುಂಚಿತವಾಗಿ ಹೇಳುವುದಿಲ್ಲ. ಬೆಳೆಯುವುದೇ ತಪ್ಪು ಎಂದು ಆ ಮಕ್ಕಳು ತಿಳಿಯುತ್ತಾರೆ.

ಮೊನ್ನೆ ನೀನು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದೆ. "ಹಸಿವಿಲ್ಲ" ಎಂದೆ. ಮೂರು ಗಂಟೆ ಮಂಜುಗಡ್ಡೆಯ ಮೇಲೆ ಬೆವರಿದ ಹುಡುಗಿಗೆ ಹಸಿವಿಲ್ಲದಿರುವುದು ಹೇಗೆ? ಆಗ ನನಗೆ ರಷ್ಯಾದ ಸ್ಕೇಟರ್ ಯೂಲಿಯಾ ಲಿಪ್ನಿಟ್ಸ್ಕಾಯಾ ನೆನಪಾದಳು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ರಷ್ಯಾ ತಂಡಕ್ಕೆ ಚಿನ್ನ ಬಂದಾಗ ಅವಳಿಗೆ 15 ವರ್ಷ. ಜಗತ್ತೆಲ್ಲ ಅವಳ ಹೆಸರು ಹೇಳಿತು. 2017ರಲ್ಲಿ, 19ರ ವಯಸ್ಸಿನಲ್ಲಿ, ಅವಳು ಆಟವನ್ನೇ ಬಿಟ್ಟಳು. ಊಟವನ್ನೇ ಶತ್ರುವಾಗಿಸುವ ಅನೊರೆಕ್ಸಿಯಾ ಎಂಬ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದಳು. ಅವಳು ಗೆದ್ದ ರಾತ್ರಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಈ ಒಂದು ವಿಷಯದಲ್ಲಿ ಮಾತ್ರ ನಾನು ನಿನ್ನ ಮಾತು ಕೇಳುವುದಿಲ್ಲ. ನಿನ್ನ ತೂಕದ ಬಗ್ಗೆ ರಿಂಕಿನಲ್ಲಿ ಯಾರಾದರೂ, ಎಷ್ಟೇ ದೊಡ್ಡವರಾದರೂ, ಒಂದು ಮಾತಾಡಿದರೆ ಅಂದೇ ಬಂದು ನನಗೆ ಹೇಳಬೇಕು. ಮುಟ್ಟು ನಿಂತರೂ ಹೇಳಬೇಕು. ತರಬೇತಿ ಸರಿಯಾಗಿ ಸಾಗುತ್ತಿದೆ ಎಂಬುದರ ಗುರುತು ಅದಲ್ಲ. ಮೈಗೆ ಅನ್ನ ಸಾಲುತ್ತಿಲ್ಲ, ಮೂಳೆ ಸವೆಯುತ್ತಿದೆ ಎಂಬ ಎಚ್ಚರಿಕೆ.

2022ರ ಫೆಬ್ರವರಿಯ ಆ ರಾತ್ರಿಯನ್ನು ನಾವಿಬ್ಬರೂ ಒಟ್ಟಿಗೆ ಕೂತು ನೋಡಿದೆವು. ನೀನಿನ್ನೂ ಚಿಕ್ಕವಳು, ನನ್ನ ತೊಡೆಯ ಮೇಲಿದ್ದೆ. ರಷ್ಯಾದ ಸ್ಕೇಟರ್ ಕಮಿಲಾ ವಲಿಯೆವಾಗೆ 15 ವರ್ಷ. ಬೀಜಿಂಗ್ ಒಲಿಂಪಿಕ್ಸ್‌ಗೆ ಬರುವ ಮೊದಲೇ ಅವಳಿಗೆ ಸೋಲೇ ಇಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಆಮೇಲೆ ನಿಷೇಧಿತ ಔಷಧದ ಸುದ್ದಿ ಬಂತು. ಅಷ್ಟು ದೊಡ್ಡ ಬಿರುಗಾಳಿಯ ನಡುವೆ ಆ ಹುಡುಗಿಯನ್ನು ಒಂಟಿಯಾಗಿ ಮಂಜುಗಡ್ಡೆಯ ಮೇಲೆ ಬಿಟ್ಟರು. ಮೊದಲ ಸುತ್ತಿನಲ್ಲಿ ಮುಂದಿದ್ದವಳು ಬೀಳುತ್ತ, ಎಡವುತ್ತ ನಾಲ್ಕನೆಯ ಸ್ಥಾನಕ್ಕಿಳಿದಳು. ಹೊರಗೆ ಬಂದವಳಿಗೆ ತನ್ನವರಿಂದಲೇ ಸಿಕ್ಕ ತಣ್ಣನೆಯ ಸ್ವಾಗತವನ್ನು ಕಂಡು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಥಾಮಸ್ ಬಾಕ್ ಅವರೇ ಮರುದಿನ ಬಹಿರಂಗವಾಗಿ ಬೇಸರ ಹೇಳಿಕೊಂಡರು. 2024ರಲ್ಲಿ ಅವಳಿಗೆ 4 ವರ್ಷಗಳ ನಿಷೇಧದ ತೀರ್ಪು ಬಂತು. "ಅವಳ ಅಮ್ಮ ಎಲ್ಲಿ?" ಎಂದು ನೀನು ಆ ರಾತ್ರಿ ಕೇಳಿದ್ದೆ. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

2022ರ ಜೂನ್‌ನಲ್ಲೇ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸೀನಿಯರ್ ಸ್ಪರ್ಧೆಗಳ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಿತು, ಎರಡು ಹಂತಗಳಲ್ಲಿ. ನಿನಗೆ ಅದು ಅನ್ಯಾಯವೆಂದು ಕಾಣುತ್ತದೆ, ಗೊತ್ತು. "ಅಷ್ಟರಲ್ಲಿ ನನ್ನ ಜಂಪ್‌ಗಳೆಲ್ಲ ಹೋಗಿರುತ್ತವೆ" ಎಂದು ರೇಗಿದೆ. ಜಪಾನಿನ ಮಾವೊ ಅಸಾದಾ 2005ರ ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಪ್ರಿ ಫೈನಲ್ ಗೆದ್ದರೂ 87 ದಿನ ಚಿಕ್ಕವಳೆಂದು ಟೂರಿನ್ ಒಲಿಂಪಿಕ್ಸ್‌ಗೆ ಹೋಗಲಾಗಲಿಲ್ಲ. ಅವಳು ವಿಶ್ವ ಚಾಂಪಿಯನ್ ಆದದ್ದು 2008ರಲ್ಲಿ, 2010ರಲ್ಲಿ, ಮತ್ತೆ 2014ರಲ್ಲಿ. ಇಟಲಿಯ ಕರೊಲಿನಾ ಕೊಸ್ಟ್ನರ್ ಸೋಚಿಯಲ್ಲಿ ಕಂಚು ಗೆದ್ದಾಗ 27 ವರ್ಷದವಳು. ಅವಳ ಸ್ಕೇಟಿಂಗ್ ನೋಡಿದರೆ ಮಂಜುಗಡ್ಡೆಗೂ ಬ್ಲೇಡಿಗೂ ನಡುವೆ ಜಗಳವೇ ಇಲ್ಲವೆನಿಸುತ್ತದೆ. ಆ ನಯ 13ನೇ ವಯಸ್ಸಿಗೆ ಯಾರಿಗೂ ಬರುವುದಿಲ್ಲ.

ಆದರೆ ನಾನು ನಿನಗೆ ಹೇಳಲೇಬೇಕಾದ ಕಥೆ ಅಲಿಸಾ ಲಿಯುವಿನದು. 2019ರಲ್ಲಿ, 13 ವರ್ಷಕ್ಕೆ, ಅವಳು ಅಮೆರಿಕದ ಅತಿ ಕಿರಿಯ ಮಹಿಳಾ ಚಾಂಪಿಯನ್. ಪದಕ ವೇದಿಕೆಯ ತುದಿಗೆ ಹತ್ತಲು ಪಕ್ಕದ ಅಕ್ಕಂದಿರು ಕೈ ಹಿಡಿದು ಎತ್ತಬೇಕಾಯಿತು, ಅಷ್ಟು ಪುಟ್ಟವಳು. ಅಂದಿನಿಂದ ದೇಶದ ಆಸೆಯೆಲ್ಲ ಅವಳ ಹೆಗಲಿಗೇರಿತು. 2022ರಲ್ಲಿ ಒಲಿಂಪಿಕ್ಸ್ ಮುಗಿಸಿ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು, 16ಕ್ಕೇ ಸಾಕೆಂದಳು. ಬೂಟು ತೆಗೆದಿಟ್ಟಳು, ಕಾಲೇಜು ಸೇರಿದಳು, ಎವರೆಸ್ಟ್ ಬೇಸ್ ಕ್ಯಾಂಪಿನವರೆಗೆ ನಡೆದು ಬಂದಳು. ಆ ಎರಡು ವರ್ಷ ಯಾರೂ ಅವಳ ಸುತ್ತುಗಳನ್ನು ಎಣಿಸಲಿಲ್ಲ. 2024ರಲ್ಲಿ ತಾನಾಗಿಯೇ ವಾಪಸು ಬಂದಳು. ಸಂಗೀತ, ಉಡುಪು, ಅಭ್ಯಾಸ ಎಲ್ಲದರಲ್ಲೂ ತನ್ನ ಮಾತು ನಡೆಯಬೇಕೆಂದು ಹೇಳಿಯೇ ಬಂದಳು. 2025ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. ಆ ಪ್ರದರ್ಶನದಲ್ಲಿ ಅವಳ ಮುಖ ನೋಡು. ನಗು ಜಂಪ್ ಮುಗಿದ ಮೇಲೆ ಬರುವುದಿಲ್ಲ, ಮೊದಲಿನಿಂದಲೂ ಇರುತ್ತದೆ.

ನೀನೂ ಬಿಟ್ಟು ಹೋಗಿ ಮತ್ತೆ ಬಂದು ಗೆಲ್ಲು ಎಂದು ಈ ಕಥೆ ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದೂ ಇನ್ನೊಂದು ಹೊರೆ. ಅವಳು ವಾಪಸು ಬರದೇ ಇದ್ದಿದ್ದರೂ ಆ 16ರ ತೀರ್ಮಾನ ಸರಿಯೇ ಆಗಿತ್ತು ಎಂದು ನಾನು ನಂಬುತ್ತೇನೆ. ನೀನು ನಾಳೆಯೇ ಸಾಕು ಎಂದರೆ, ಇಷ್ಟು ವರ್ಷದ ಖರ್ಚು, ನಸುಕಿನ ನಿದ್ದೆ, ಕೋಚ್ ಪಟ್ಟ ಶ್ರಮ ಯಾವುದನ್ನೂ ನಾನು ನಿನ್ನ ಮುಂದೆ ಲೆಕ್ಕ ಹಿಡಿಯುವುದಿಲ್ಲ. ಮುಂದುವರಿಯುತ್ತೇನೆ ಎಂದರೆ ಲುಟ್ಜ್ ಆರು ತಿಂಗಳು ಬರದೇ ಇರಲಿ, ವರ್ಷವೇ ಹಿಡಿಯಲಿ.

ಆ ಹಳೆಯ ವಿಡಿಯೊವನ್ನು ಇಂದು ಬೆಳಿಗ್ಗೆ ತೆಗೆದುಹಾಕಿದೆ. ಬೇರೆಯವರು ಹಂಚಿಕೊಂಡ ಪ್ರತಿಗಳನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ, ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ನಿನ್ನೆಯ ಏಳು ಬೀಳುಗಳನ್ನೂ ಅಳಿಸಿದೆ. ಅಳಿಸುವ ಮೊದಲು ಒಂದು ಸಲ ನೋಡಿದೆ. ಐದನೆಯ ಸಲ ಬಿದ್ದಾಗ ನೀನು ಮಂಡಿಯ ಮೇಲಿನ ಮಂಜಿನ ಪುಡಿ ಕೊಡವಿಕೊಂಡು, ಮಂಜುಗಡ್ಡೆಯಲ್ಲಿ ನಿನ್ನ ಬ್ಲೇಡು ಕೊರೆದ ಗೀರನ್ನು ಬಗ್ಗಿ ನೋಡುತ್ತಿದ್ದೆ, ಹೊರ ಅಂಚು ಎಲ್ಲಿ ತಪ್ಪಿತೆಂದು. ಆ ಎರಡು ಕ್ಷಣ ನಿನಗೆ ನಾನೂ ನೆನಪಿರಲಿಲ್ಲ, ಮೊಬೈಲೂ ನೆನಪಿರಲಿಲ್ಲ.

ಬ್ಲೇಡ್‌ಗಳಿಗೆ ಸಾಣೆ ಹಿಡಿಸಿ ತಂದಿದ್ದೇನೆ, ಬ್ಯಾಗಿನಲ್ಲಿವೆ. ನಾಳೆ ಬೆಳಿಗ್ಗೆ ಹೋಗುವ ಮನಸ್ಸಿದ್ದರೆ ಅಲಾರಾಂ ನೀನೇ ಇಟ್ಟುಕೋ. ನಾನು ಬಂದು ಎಬ್ಬಿಸುವುದಿಲ್ಲ. ನೀನೇ ಎದ್ದು ಬಂದರೆ ಕಾರು ತೆಗೆಯುತ್ತೇನೆ, ಮೊಬೈಲ್ ಮನೆಯಲ್ಲೇ ಇರುತ್ತದೆ.

ನಿನ್ನ,
ಅಮ್ಮ