ಪಾರ್ಟಿಯ ಮೂಲೆಯಲ್ಲಿ ನಿಂತ ಮಗಳಿಗೆ

ಪ್ರೀತಿಯ ಮಗಾ,

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಆಫೀಸ್ ಪಾರ್ಟಿಯಿಂದ ಫೋನ್ ಮಾಡಿದೆ. ಹಿಂದಿನಿಂದ ಧಡ್ ಧಡ್ ಅಂತ ಮ್ಯೂಸಿಕ್. "ಅಮ್ಮಾ, ಯಾರ ಹತ್ರ ಎಂತ ಮಾತಾಡ್ಬೇಕಂತ್ಲೇ ಗೊತ್ತಾಗ್ತಿಲ್ಲ. ಗ್ಲಾಸ್ ಹಿಡ್ಕೊಂಡು ಮೂಲೆಯಲ್ಲಿ ನಿಂತಿದ್ದೇನೆ" ಅಂದೆ. ಅದಕ್ಕೆ ನಾನು ಕೇಳಿದ್ದು, "ಗ್ಲಾಸಲ್ಲಿ ಎಂತ ಉಂಟು? ಯಾವ ಡ್ರೆಸ್ ಹಾಕಿದ್ದೀ?" ನೀನು ಫೋನ್ ಇಟ್ಟುಬಿಟ್ಟೆ. ಇಡಬೇಕಾದ್ದೇ. ಪಪ್ಪ ಪೇಪರಿನ ಮೇಲಿಂದ ನನ್ನನ್ನು ಒಂದು ಸಲ ನೋಡಿದರು, ಏನೂ ಹೇಳಲಿಲ್ಲ.

ಆ ಪ್ರಶ್ನೆ ಎಲ್ಲಿಂದ ಬಂತು ಅಂತ ಎರಡು ದಿನ ಯೋಚಿಸಿದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ಗುಂಪೊಂದು ನುಗ್ಗಿ ಹುಡುಗಿಯರನ್ನು ಎಳೆದಾಡಿ ಹೊಡೆಯಿತು. ನೀನಾಗ ಯುಕೆಜಿ. ಟಿವಿಯಲ್ಲಿ ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. 2012ರ ಜುಲೈಯಲ್ಲಿ ಮಂಗಳೂರಿನದೇ ಪಡೀಲಿನ ಹೋಂಸ್ಟೇಯಲ್ಲಿ ಬರ್ತ್‌ಡೇ ಪಾರ್ಟಿ ಮಾಡುತ್ತಿದ್ದವರಿಗೂ ಅದೇ ಗತಿ. ಪಬ್ ಕೇಸಿನ ಆರೋಪಿಗಳು 2018ರಲ್ಲಿ ಖುಲಾಸೆಯಾದರು. ಆಗ ನಮ್ಮ ಓಣಿಯಲ್ಲಿ ಎಷ್ಟೋ ಜನ "ಆ ಹುಡುಗಿಯರಿಗೆ ಅಲ್ಲಿ ಎಂತ ಕೆಲಸ" ಅಂದರು. ನಾನು ಬಾಯಿಬಿಟ್ಟು ಅನ್ನಲಿಲ್ಲ ಅಷ್ಟೇ. ಹೊಡೆದವರನ್ನು ಬಿಟ್ಟು ಪೆಟ್ಟು ತಿಂದವರ ಡ್ರೆಸ್ ನೋಡಿದವಳು ನಾನೂ ಹೌದು. ಶುಕ್ರವಾರ ಬಾಯಿಗೆ ಬಂದದ್ದು ಅದೇ. ತಪ್ಪಾಯ್ತು.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ನಾನು ಕುಂದಾಪುರದವಳು, ಮದುವೆಯಾಗಿ ಬರುವಾಗ ನನಗೆ ಒಂದಕ್ಷರ ತುಳು ಬರುತ್ತಿರಲಿಲ್ಲ, ಗೊತ್ತಲ್ಲ. ಬಂದು ಮೂರು ತಿಂಗಳಿಗೆ ಮೂಲ್ಕಿಯಲ್ಲಿ ಪಪ್ಪನ ಕಸಿನ್ ಮದುವೆ. ಮುನ್ನಾದಿನ ಸಂಜೆ ಅಂಗಳದ ಚಪ್ಪರದ ತುಂಬ ಜನ, ಎಲ್ಲರದ್ದೂ ಗಲಗಲ ತುಳು. ನಾನು ಕಂಬಕ್ಕೆ ಒರಗಿ ನಿಂತು, ಸುಮ್ನೆ ಎಲ್ಲರನ್ನೂ ನೋಡಿ ನಗುತ್ತಿದ್ದೆ. ನಕ್ಕು ನಕ್ಕು ಕೆನ್ನೆ ನೋಯಲು ಶುರುವಾಗಿತ್ತು. ಆಗ ದೊಡ್ಡತ್ತೆ ಬಂದು ನನ್ನ ಮುಂದೆ ಒಂದು ಮೆಟ್ಟುಕತ್ತಿ, ಅದೇ ಈಳಿಗೆಮಣೆ, ಇಟ್ಟು, ಒಂದು ರಾಶಿ ಅಲಸಂಡೆ ಸುರಿದು, "ಎಲ್ಯ ಎಲ್ಯ" ಅಂದು ಹೋದರು. ನನಗೆಂತ ಅರ್ಥ ಆಗಬೇಕು! ಬೆರಳುದ್ದ ಹೆಚ್ಚಿದೆ. ಪಕ್ಕದಲ್ಲಿದ್ದವರು ನೋಡಿ "ಮಲ್ಲ ಆಂಡ್" ಅಂತ ಬಿದ್ದು ಬಿದ್ದು ನಕ್ಕರು. ಎಲ್ಯ ಅಂದರೆ ಚಿಕ್ಕದು, ಮಲ್ಲ ಅಂದರೆ ದೊಡ್ಡದು. ನಾನು ಕಲಿತ ಮೊದಲ ತುಳು ಅದು.

ಕತ್ತಿಯ ಮುಂದೆ ಕೂತವಳು ಯಾರ ಮುಖವನ್ನೂ ನೋಡಬೇಕಾಗಿಲ್ಲ, ಕಣ್ಣು ತರಕಾರಿಯ ಮೇಲೆ. ಅದಕ್ಕೇ ಇರಬೇಕು ಮಾತು ತಾನಾಗಿ ಬರುತ್ತದೆ. ರಾಶಿ ಮುಗಿಯುವಷ್ಟರಲ್ಲಿ ಇಬ್ಬರ ಅತ್ತೆಯಂದಿರ ಕಥೆ ಪೂರ್ತಿ ಗೊತ್ತಾಗಿತ್ತು, ಅರ್ಧ ಸನ್ನೆಯಲ್ಲಿ.

ಈಗ ಎಲ್ಲ ಕೇಟರಿಂಗ್. ಮೆಹೆಂದಿ ದಿನ ಹಾಲ್‌ಗೆ ಹೋದರೆ ಕುರ್ಚಿ, ಡಿಜೆ, ಮೊಬೈಲು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ ಕಾನೂನು ಇರುವುದು ಪುಣ್ಯ, ಡಿಜೆ ನಿಂತ ಮೇಲೆ ನಾಲ್ಕು ಮಾತಾದರೂ ಆಡಬಹುದು. ನಿನ್ನ ಪಾರ್ಟಿಯಲ್ಲಿ ಮೆಟ್ಟುಕತ್ತಿ ಸಿಗಲಿಕ್ಕಿಲ್ಲ. ಆದರೂ ಕೈಗೊಂದು ಕೆಲಸ ಹುಡುಕಿಕೋ. ಕೇಕ್ ಹಂಚು, ಯಾರದೋ ಮಗುವನ್ನು ಹಿಡಿ, ಗ್ರೂಪ್ ಫೋಟೋ ನೀನು ತೆಗಿ. ಮತ್ತೆ ಮೊದಲೇ "ಯಾವ ಪ್ರಾಜೆಕ್ಟು" ಅಂತ ಕೇಳಬೇಡ, "ಯಾವ ಊರು, ಅಲ್ಲಿ ಬೆಳಿಗ್ಗೆ ತಿಂಡಿಗೆ ಎಂತ ಮಾಡ್ತಾರೆ" ಅಂತ ಕೇಳು. ತಿಂಡಿಯ ವಿಷಯದಲ್ಲಿ ಯಾರೂ ಒಂದೇ ಶಬ್ದದಲ್ಲಿ ಉತ್ತರ ಕೊಟ್ಟು ಸುಮ್ಮನಾಗುವುದಿಲ್ಲ.

ಗ್ಲಾಸಿನ ವಿಷಯ. ಬೇಡ ಅನಿಸಿದರೆ ಬೇಡ ಅನ್ನು, ಕಾರಣ ಹೇಳಲು ಹೋಗಬೇಡ. ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ತರುತ್ತಾರೆ. ಹೋದ ವರ್ಷ ಒಂದು ಮೆಹೆಂದಿಯಲ್ಲಿ ನನ್ನ ಕೈಯಲ್ಲಿದ್ದ ಕೆಂಪು ಪುನರ್ಪುಳಿ (ಕೋಕಂ) ಶರಬತ್ತು ನೋಡಿ ಒಬ್ಬರು ವೈನ್ ಅಂತ ಊರಿಡೀ ಹೇಳಿಕೊಂಡು ಬಂದರು. ನಾನೂ ಅಲ್ಲ ಅನ್ನಲು ಹೋಗಲಿಲ್ಲ. ಪಪ್ಪನಿಗೆ ಈಗಲೂ ಅದೊಂದು ತಮಾಷೆ.

ಮುಂದಿನ ತಿಂಗಳು ಸುರತ್ಕಲ್‌ನಲ್ಲಿ ನಿನ್ನ ಚಿಕ್ಕಮ್ಮನ ಮಗಳ ಮೆಹೆಂದಿ ಉಂಟು. ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡು. ಬಂದ ಕೂಡಲೇ ಎಲ್ಲರೂ "ಏಪ ಬತ್ತಿನಿ" ಅಂತಾರೆ, ಉತ್ತರ ಹೇಳುವ ಮೊದಲೇ "ಏಪ ಪೋಪಿನಿ" ಅಂತಾರೆ. ಬಂದದ್ದು ಯಾವಾಗ, ಹೋಗುವುದು ಯಾವಾಗ, ಅಷ್ಟೇ. ಬೇಜಾರು ಮಾಡಿಕೊಳ್ಳಬೇಡ.

ಮತ್ತೆ, ಆ ಡ್ರೆಸ್ ತಾ. ಫೋಟೋ ಪಪ್ಪನಿಗೆ ಮಾತ್ರ ಕಳಿಸಿದ್ದಲ್ವಾ, ನಾನಿನ್ನೂ ನೋಡಿಲ್ಲ.

ನಿನ್ನ ಅಮ್ಮ